ಕಡಲಲ್ಲಿ ಮೇದ ಗುರುತು

ಅಂಡಮಾನಿನ ದ್ವೀಪಗಳನ್ನು ಸುತ್ತುವ ನಮ್ಮ ಹಡಗಿನ ಪ್ರವಾಸದಲ್ಲಿ ಇನ್ನು ಎರಡೇ ದಿನ ಉಳಿದಿದ್ದವು. ಡಾಲ್ಫಿನ್ ಕಂಡಿದ್ದವು, ಮೊಸಳೆ ಕಂಡಿತ್ತು. ನಮ್ಮ ಅತ್ತೆ ತಿಪ್ಪೇರುದ್ರಮ್ಮ ನೋಡಲೆಂದೇ ಬಂದ ಕಡಲಹಸು, ಅಂದರೆ ಡುಗಾಂಗ್, ಮಾತ್ರ ಕಂಡಿರಲಿಲ್ಲ.

ಕಳೆದ ವರ್ಷ ನನ್ನ ಗಂಡ ಓಬಳೇಶ್, "ನಿನಗ ಕಣ್ಣು ಕಾಣವಲ್ಲವು, ಸಾಕು ಬಿಡವ್ವಾ" ಎಂದು ಅತ್ತೆ ಮೇಯಿಸುತ್ತಿದ್ದ ಕುರಿಹಿಂಡನ್ನು ಮಾರಿದರು. ಆಮೇಲೆ ಕಣ್ಣಿನ ಪೊರೆ ತೆಗೆಸಿದೆವು, ಹಿಂಡು ಮಾತ್ರ ಹಿಂದಿರುಗಲಿಲ್ಲ. ಕೂಡ್ಲಿಗಿಯ ಮನೆಯ ಕಟ್ಟೆಯ ಮೇಲೆ ಅತ್ತೆ ಮಾತಿಲ್ಲದೆ ಕೂರತೊಡಗಿದರು. ಒಂದು ದಿನ ನನ್ನ ಮೊಬೈಲಿನಲ್ಲಿ, ಕಡಲ ತಳದ ಹುಲ್ಲು ತಿನ್ನುವ ಆ ದಪ್ಪ ಪ್ರಾಣಿಯನ್ನು ನೋಡಿ, "ನೀರಾಗ ಮೇಯ್ತೈತಾ? ಇದನ್ನ ನಾ ನೋಡಬೇಕು" ಅಂದರು. ಎಷ್ಟೋ ತಿಂಗಳ ಮೇಲೆ ಅವರು ಏನನ್ನಾದರೂ ಬೇಕು ಅಂದದ್ದು ಅದೇ ಮೊದಲು. ಕಾಣದೆ ಹಿಂತಿರುಗಿದರೆ ಮತ್ತೆ ಆ ಕಟ್ಟೆಗೇ ಹೋಗಿ ಕೂರುತ್ತಾರೆಂದು ನನಗೆ ಭಯ.

"ಏನ್ ಅಮ್ಮಾರೇ, ನಿಮ್ ಎಮ್ಮೆ ಇವತ್ತಾದ್ರೂ ಸಿಗುತ್ತಾ?" ಜೊತೆಗೆ ಬಂದಿದ್ದ ಹರಪನಹಳ್ಳಿಯ ಗೊಬ್ಬರದಂಗಡಿ ಗಂಗಾಧರ್ ದಿನಾ ಬೆಳಿಗ್ಗೆ ಕೇಳುವರು.

"ನಿಮ್ಮನ್ನ ನೋಡಿ ಬೆದರಿ ಮುಳುಗೈತಿ" ಅನ್ನುವರು ಅತ್ತೆ.

ಅಂದು ಕಡಲು ಇಳಿದಿತ್ತು. ಸಣ್ಣ ದೋಣಿಯಲ್ಲಿ ದ್ವೀಪವೊಂದರ ಪಕ್ಕ ಹಾಯುವಾಗ ಅತ್ತೆ ನನ್ನ ತೋಳು ಹಿಡಿದರು. "ನಿಲ್ಲಿಸಂತ ಹೇಳು."

ತಿಳಿನೀರಿನ ಕೆಳಗೆ ಹುಲ್ಲು ಹಾಸಿತ್ತು. ಅದರ ನಡುವೆ ಗೇಣಗಲದ ಬೋಳು ಪಟ್ಟಿಗಳು.

ಗೈಡ್ ಹಿಂದಿಯಲ್ಲಿ, ಇವು ಮೇದ ಗುರುತುಗಳೇ, ಆದರೆ ಹಳೆಯವು ಎಂದ. ನಾಳೆ ಬೇರೆ ಕೊಲ್ಲಿಗೆ ಹೋಗೋಣ, ಹೋದ ವಾರ ಅಲ್ಲಿ ಒಂದು ಕಂಡಿತ್ತು ಎಂದ. ನಾನು ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಿದೆ.

"ಹಳೇದಲ್ಲ, ಇವತ್ತಿಂದು. ಅಂಚು ನೋಡು, ಕಿತ್ತ ಬೇರು ಇನ್ನೂ ಬೆಳ್ಳಗದಾವು. ಈ ಮಗ್ಗಲು ಮೇದು ಆ ಮಗ್ಗಲು ಬಿಟ್ಟೈತಿ. ಅದಕ್ಕ ಮತ್ತ ಬರ್ತೈತಿ. ನಾಳೆ ನೀರು ಏರಿದಾಗ ಇಲ್ಲೇ ಕಾಯಬೇಕು."

ಗೈಡಿಗೆ ಬೇಸರವಾಗದಿರಲೆಂದು ನಾನು ಹಿಂದಿಯಲ್ಲಿ, ಬಹುಶಃ ಇಲ್ಲಿಗೂ ಬರಬಹುದೇನೋ ಎಂದು ಅತ್ತೆಗೆ ಅನಿಸುತ್ತಿದೆ, ಎಂದೆ. ಅತ್ತೆಗೆ ಹಿಂದಿ ಬರುವುದಿಲ್ಲ, ನನ್ನ ದನಿ ಚೆನ್ನಾಗಿ ಗೊತ್ತು.

"ನಾ ಇಷ್ಟು ಮೆತ್ತಗ ಹೇಳಿಲ್ಲವಾ ಪುಷ್ಪಾ. ಹೇಳಿದಂಗ ಹೇಳು."

ನಾನು ಮತ್ತೆ ಗೈಡಿನತ್ತ ತಿರುಗಿದೆ. "ಇವರು ಐವತ್ತು ವರ್ಷ ಕುರಿ ಮೇಯಿಸಿದವರು. ಇದು ಇವತ್ತು ಮೇದದ್ದು. ನಾಳೆ ಇಲ್ಲೇ ನಿಲ್ಲಬೇಕು" ಎಂದೆ. ಗೈಡ್ ದೋಣಿಯಂಚಿಗೆ ಬಗ್ಗಿ ಬಹಳ ಹೊತ್ತು ನೋಡಿದ. ಆಗಲಿ ಅಂದ.

ಕೊನೆಯ ದಿನ ನೀರು ಏರುತ್ತಿದ್ದಾಗ ಅದೇ ಜಾಗದಿಂದ ತುಸು ದೂರದಲ್ಲಿ ಇಂಜಿನ್ ಆರಿಸಿ ಕೂತೆವು. ಒಂದು ಗಂಟೆ ಕಳೆಯಿತು. ಬೇರೆ ಕೊಲ್ಲಿಗೆ ಹೋಗಿದ್ದರೆ ಇಷ್ಟೊತ್ತಿಗೆ ಕಾಣುತ್ತಿತ್ತೇನೋ ಎಂದು ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದೆ.

"ಇರೋ ಒಂದು ದಿನಾನೂ ಹುಲ್ಲು ಕಾಯೋದ್ರಲ್ಲೇ ಹೋಯ್ತಲ್ರೀ" ಎಂದರು ಗಂಗಾಧರ್.

"ಸುಮ್ಕಿರ್ರಿ. ಮೇಯಾಕ ಬರೋ ಹೊತ್ತಿಗೆ ಸಪ್ಪಳ ಮಾಡಬಾರದು." ಅತ್ತೆ ಕಣ್ಣು ಕಿರಿದು ಮಾಡಿದರು. "ಬಂತು. ಎಡಕ್ಕ."

ನಮಗಾರಿಗೂ ಏನೂ ಕಾಣಲಿಲ್ಲ. ಆಮೇಲೆ ನೀರಿನಿಂದ ಬೂದು ಮೂತಿಯೊಂದು ಮೇಲೆದ್ದು ಫುಸ್ಸೆಂದು ಉಸಿರು ಬಿಟ್ಟಿತು. ಅಗಲವಾದ ಬೆನ್ನು ಹೊಳೆದು, ಮೇಯದೆ ಬಿಟ್ಟಿದ್ದ ಮಗ್ಗಲಿಗೇ ಇಳಿಯಿತು.

"ಹಿಂದ ಮರಿ ಐತಿ" ಎಂದರು ಅತ್ತೆ. ದುರ್ಬೀನು ಹಿಡಿದಿದ್ದ ಗೈಡಿಗೆ ಆ ಮರಿ ಕಂಡದ್ದು ಆಮೇಲೆ. ಆತ ಅತ್ತೆಗೆ ಕೈ ಮುಗಿದ. ಗಂಗಾಧರ್ ಟೋಪಿ ತೆಗೆದು, "ಸೋತೆ ಕಣಮ್ಮಾ!" ಅಂದರು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮೈ ಕುಲುಕುವಂತೆ ನಕ್ಕರು.

ಬಂದರಿನಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ಅತ್ತೆ ನನ್ನ ಫೋನು ಕಿತ್ತುಕೊಂಡರು. "ಲೇ ಓಬಳೇಶ, ಕಾನಹೊಸಹಳ್ಳಿ ದೊಡ್ಡಬೀರಪ್ಪಗ ಹೇಳು. ನಾಕು ಹೆಣ್ಣು ಕುರಿಮರಿ ಬೇಕು. ನಾನಾ ಬಂದು ಆರಿಸ್ತೀನಿ... ಕಣ್ಣಾ? ನಿನ್ನ ಹೆಂಡ್ತೀನ ಕೇಳು."

ಫೋನು ನನ್ನ ಕೈಗೆ ಬಂತು. ದುರ್ಬೀನಿಗೂ ಮೊದಲು ಅತ್ತೆ ಮರಿಯನ್ನು ಕಂಡದ್ದನ್ನು ನಾನು ಒಂದು ಮಾತನ್ನೂ ಮೆತ್ತಗೆ ಮಾಡದೆ ಹೇಳಿದೆ.