ಮೂಗಿಗೆ ಸಿಗದ ವಾಸನೆ

ಚಮಚ ಕಂಡರೆ ಸಾಕು, ಮಗು ತುಟಿ ಬಿಗಿದು ಮುಖ ತಿರುಗಿಸುತ್ತಿತ್ತು. ಬಲವಂತದಿಂದ ಒಂದು ತುತ್ತು ಇಟ್ಟರೆ ಅದನ್ನು ಉಗುಳಿ, ಬೀದಿಗೆಲ್ಲ ಕೇಳುವಂತೆ ಅಳುತ್ತಿತ್ತು. ತೂಕ ಇಳಿಯತೊಡಗಿತ್ತು. ಡಾಕ್ಟರು ಗಂಟಲು ನೋಡಿ, ಕಿವಿ ನೋಡಿ, ಏನೂ ಇಲ್ಲ ಅಂದರು. ಏನೂ ಇಲ್ಲ ಅಂದಷ್ಟೂ ತಾಯಿಗೆ ದಿಗಿಲು ಹೆಚ್ಚಾಯಿತು.

ಮಗುವಿಗೆ ತಿನ್ನಿಸುತ್ತಿದ್ದದ್ದು ಅವಳು ಕೆಲಸ ಮಾಡುವ ಕಾರ್ಖಾನೆಯಲ್ಲೇ ತಯಾರಾಗುವ ಮಕ್ಕಳ ಹಿಟ್ಟು. ಪ್ಯಾಕೆಟ್ಟುಗಳು ಹೊರಗೆ ಹೋಗುವ ಮೊದಲು ಮೂಸಿ, ರುಚಿ ನೋಡಿ, ಸರಿ ಎನ್ನಬೇಕಾದವಳು ಅವಳೇ. ಹಾಲು ಹುಳಿಯಾಗುವ ಮುಂಚೆಯೇ ಪತ್ತೆಹಚ್ಚುತ್ತಾಳೆಂದು ಅಲ್ಲಿ ಎಲ್ಲರೂ ಅವಳಿಗೆ ‘ಮೂಗು ಮೇಡಂ’ ಎಂದು ಹೆಸರಿಟ್ಟಿದ್ದರು.

“ಒದ್ದೆ ಗೋಣಿಚೀಲದ ವಾಸನೆ ಹೊಡೀತಿದೆ ಕಣೇ ಇದು,” ಎಂದು ಅತ್ತೆ ಬಟ್ಟಲನ್ನು ದೂರ ಸರಿಸಿದರು.

“ನಮ್ಮ ಕಾರ್ಖಾನೆಯದು ಯಾವುದು ತಾನೇ ನಿಮಗೆ ಹಿಡಿಸಿದೆ ಅತ್ತೆ?”

ಅತ್ತೆ ಮೂಗು ಮುರಿಯುವುದು ಆ ಮನೆಯಲ್ಲಿ ಹೊಸದೇನಲ್ಲ. ಆದರೂ ಅವಳು ಬಟ್ಟಲೆತ್ತಿ ಮೂಸಿದಳು. ಹುರಿದ ಗೋಧಿ, ಹಾಲಿನ ಪುಡಿ. ಅಷ್ಟೇ.

ಮರುದಿನ ಬೆಳಗ್ಗೆ ಮ್ಯಾನೇಜರ್ ಕರೆಸಿದರು. ಮೇಜಿನ ತುಂಬ ಅಂಗಡಿಗಳಿಂದ ವಾಪಸು ಬಂದ ಪ್ಯಾಕೆಟ್ಟುಗಳು.

“ಎಲ್ಲ ಕಡೆಯಿಂದಲೂ ಒಂದೇ ದೂರು, ಮುಗ್ಗಲು ವಾಸನೆ ಅಂತ. ನೀವೇ ನೋಡಿ ಮೇಡಂ, ನನಗಂತೂ ತೆರೆದ ಕೂಡಲೇ ಮೂಗಿಗೆ ಬಡೀತು.”

ಅವಳು ಒಂದನ್ನು ಮೂಸಿದಳು. ಇನ್ನೊಂದನ್ನು ಮೂಸಿದಳು. ಹುರಿದ ಗೋಧಿ, ಹಾಲಿನ ಪುಡಿ.

“ಹೌದು ಸರ್... ಸ್ವಲ್ಪ ಇದೆ,” ಎಂದು ಸುಳ್ಳು ಹೇಳಿ ಹೊರಗೆ ಬಂದಳು.

ಕೈ ತೊಳೆಯುವಲ್ಲಿ ನಿಂತು ಸೋಪು ಮೂಸಿದಳು, ಫಿನಾಯಿಲ್ ಬಾಟಲಿ ಮೂಸಿದಳು. ಎಲ್ಲ ಘಮ್ಮೆಂದು ಬಂತು. ಹಾಗಾದರೆ ಈ ಮುಗ್ಗಲೊಂದೇ ಏಕೆ ಬರುತ್ತಿಲ್ಲ? ಮೂಗು ಹೋದರೆ ಕೆಲಸವೂ ಹೋದಂತೆಯೇ. ಅದಕ್ಕಿಂತ ದೊಡ್ಡ ಭಯ ಹಿಂದೆಯೇ ಬಂತು: ಆ ವಾಸನೆ ಯಾತರದು? ಕೈಕಾಲು ಒತ್ತಿ ಹಿಡಿದು ಮಗುವಿಗೆ ತಾನು ತುರುಕಿದ್ದು ಏನನ್ನು? ಮಗುವಿಗೆ ಗೊತ್ತಾದದ್ದು ತನಗೆ ಗೊತ್ತಾಗಿರಲಿಲ್ಲ.

ಅವಳು ಮತ್ತೆ ಮ್ಯಾನೇಜರ್ ಕೋಣೆಗೆ ನಡೆದಳು.

“ಸರ್, ಆಗ ಸುಳ್ಳು ಹೇಳಿದೆ. ನನಗೆ ಆ ವಾಸನೆ ಬರ್ತಾನೇ ಇಲ್ಲ. ನಾನು ಸರಿ ಅಂದಿದ್ದನ್ನೆಲ್ಲ ತಡೆಹಿಡೀರಿ.”

“ಲಾರಿಗಳು ಲೋಡಾಗಿ ನಿಂತಿವೆ ಮೇಡಂ!”

“ಇಳಿಸಿ ಸರ್. ನನ್ನ ಮಗೂನೂ ಅದನ್ನೇ ತಿಂದಿದೆ.”

ಮ್ಯಾನೇಜರ್ ಅವಳ ಮುಖ ನೋಡಿದರು. ಆಮೇಲೆ ಲಾರಿ ಇಳಿಸಲು ಹೇಳಲೆಂದು ಫೋನ್ ಕೈಗೆತ್ತಿಕೊಂಡರು.

ವಾಸನೆ ಎಲ್ಲಿಂದ ಬರುತ್ತಿದೆಯೆಂದು ಹುಡುಕಲು ಅವಳು ಪ್ಯಾಕಿಂಗ್ ವಿಭಾಗದ ಅಕ್ಕನನ್ನು ಕರೆದುಕೊಂಡು ಹೊರಟಳು. ಗೋಧಿ ಮೂಟೆಗಳ ಬಳಿ ಅಕ್ಕ ತಲೆಯಾಡಿಸಿದಳು, ಇಲ್ಲಿಲ್ಲ. ಹುರಿಯುವ ಯಂತ್ರದ ಬಳಿಯೂ ಇಲ್ಲ. ಗೋಡೌನಿನ ಬಾಗಿಲು ಸರಿಸುತ್ತಲೇ ಮೂಗು ಮುಚ್ಚಿಕೊಂಡಳು.

“ಅಯ್ಯಪ್ಪಾ, ಇಲ್ಲೇ ಮೇಡಂ! ನಿಮಗೆ ನಿಜವಾಗ್ಲೂ ಬರ್ತಿಲ್ವಾ?”

ಬಗ್ಗಿ ನೋಡಿದರೆ, ರಟ್ಟಿನ ಪೆಟ್ಟಿಗೆಗಳ ಅಡಿಗೆ ಹಾಕಿದ್ದ ಹೊಸ ಮರದ ಹಲಗೆಗಳು ಥಂಡಿ ಹಿಡಿದು, ಅಂಚಿನಲ್ಲಿ ಬೂಷ್ಟು ಬೆಳೆದಿತ್ತು. ಹಲಗೆಯ ಚೂರನ್ನೂ ಹಿಟ್ಟನ್ನೂ ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದರು.

ಅಂದು ಸಂಜೆ ಬಾಳೆಹಣ್ಣು ಕಿವುಚಿ ಕೊಟ್ಟರೆ ಮಗು ಬಟ್ಟಲು ನೆಕ್ಕುವಂತೆ ತಿಂದಿತು. ಅತ್ತೆ ನಕ್ಕರು. ಅವಳಿಗೆ ನಗು ಬರಲಿಲ್ಲ. ವರದಿ ಬರುವವರೆಗೂ ಮಗು ಒಮ್ಮೆ ಕೆಮ್ಮಿದರೂ ಅವಳ ಜೀವ ಬಾಯಿಗೆ ಬರುತ್ತಿತ್ತು.

ಕೊನೆಗೆ ಪ್ರಯೋಗಾಲಯದವರು ಫೋನ್ ಮಾಡಿದರು. “ಮರ ಕೆಡದಿರಲಿ ಅಂತ ಹಲಗೆಗೆ ಕ್ಲೋರಿನ್ ಇರೋ ಔಷಧಿ ಹೊಡೆದಿದ್ದಾರೆ. ಬೂಷ್ಟು ಅದನ್ನ ಕ್ಲೋರೋಅನಿಸೋಲ್ ಅನ್ನೋ ವಸ್ತುವಾಗಿ ಮಾಡಿದೆ. ಚೂರೇ ಚೂರು ಇದ್ರೂ ನಾರುತ್ತೆ, ರಟ್ಟು ಪ್ಯಾಕೆಟ್ಟು ದಾಟಿ ಒಳಗೆ ಹೋಗುತ್ತೆ.”

“ತಿಂದ ಮಕ್ಕಳಿಗೆ?”

“ಇಷ್ಟು ಕಮ್ಮಿ ಪ್ರಮಾಣಕ್ಕೆ ಅಪಾಯ ಇಲ್ಲ. ಹಲಗೆ ಔಷಧಿಯನ್ನೂ ಹಿಟ್ಟಲ್ಲಿ ಹುಡುಕಿದ್ವಿ, ಸಿಗಲಿಲ್ಲ.”

ಅವಳು ತನ್ನ ಮೂಗಿನ ವಿಷಯ ಕೇಳಿದಾಗ ಆತ, “ಕೆಲವರಿಗೆ ಇದೊಂದು ವಾಸನೆ ಗೊತ್ತೇ ಆಗಲ್ಲ, ನಿಮ್ಮ ತಪ್ಪಲ್ಲ ಬಿಡಿ,” ಅಂದ.

ಮಾಲನ್ನೆಲ್ಲ ವಾಪಸು ತರಿಸಿ ನಾಶಮಾಡಿದರು. ಗೋಡೌನಿಗೆ ಪ್ಲಾಸ್ಟಿಕ್ ಹಲಗೆಗಳು ಬಂದವು. ಅವಳ ಕೆಲಸ ಉಳಿಯಿತು, ಆದರೆ ಈಗ ಅವಳ ಜೊತೆ ಪ್ಯಾಕಿಂಗ್ ಅಕ್ಕನೂ ಮೂಸಿದ ಮೇಲೆಯೇ ಲಾರಿ ಹೊರಡುತ್ತದೆ. ಮನೆಯಲ್ಲೂ ಅಷ್ಟೇ. ಮಗುವಿನ ಬಟ್ಟಲನ್ನು ಮೊದಲು ಅತ್ತೆಯ ಮುಂದೆ ಹಿಡಿದು, “ಏನಾದ್ರೂ ಬರ್ತಿದೆಯಾ ಅತ್ತೆ?” ಎಂದು ಕೇಳುತ್ತಾಳೆ, ಅವರು ಉತ್ತರ ಹೇಳುವವರೆಗೆ ಉಸಿರು ಬಿಗಿಹಿಡಿದು ನಿಂತಿರುತ್ತಾಳೆ.