ಲಾಡಿ ಕಟ್ಟಿದ ಚೆಂಡಿನ ಯಂತ್ರ

ಮೊದಲನೆಯ ಚೆಂಡು ಬೀರುವಿನ ತಲೆಗೆ ಬಡಿಯಿತು. ಎರಡನೆಯದು ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಜ್ಜಿಯ ಮಡಿಲಿಗೆ ಬಿತ್ತು. ಮೂರನೆಯದು ಅವಳ ಕಾಲ ಬುಡಕ್ಕೆ ಉರುಳಿ ಬಂದು ಸುಮ್ಮನಾಯಿತು. ಅಜ್ಜಿ ಮೂರನ್ನೂ ಹೆಕ್ಕಿ ಗುಂಡಿಗಳ ಡಬ್ಬಿಯ ಪಕ್ಕದಲ್ಲಿಟ್ಟು, ಅರ್ಧಕ್ಕೆ ನಿಂತಿದ್ದ ಅಂಗಿಯ ತೋಳನ್ನು ಮತ್ತೆ ಸೂಜಿಯ ಕೆಳಗೆ ಸರಿಸಿದಳು. ನಾಲ್ಕು ದಿನದಿಂದ ನಡುಕೋಣೆಯಲ್ಲಿ ಇದೇ ನಡೆದಿತ್ತು.

ಮೊಮ್ಮಗಳು ಎಂಜಿನಿಯರಿಂಗಿನ ಮೂರನೆಯ ವರ್ಷ ಓದುತ್ತಿದ್ದರೂ ಮನೆಯವರ ಬಾಯಲ್ಲಿ ಅವಳು ಇನ್ನೂ ಗುಬ್ಬಿಯೇ. ಅವಳೂ, ಸಣಕಲಾಗಿ ಉದ್ದಕ್ಕೆ ಬೆಳೆದು ತಂತಿ ಎಂದೇ ಹೆಸರಾಗಿದ್ದ ಅವಳ ಸಹಪಾಠಿಯೂ ಸೇರಿ ಚೆಂಡು ಎಸೆಯುವ ರೋಬೋಟ್ ಕಟ್ಟುತ್ತಿದ್ದರು. ಎರಡು ಕಬ್ಬಿಣದ ಚಕ್ರಗಳು ಅಕ್ಕಪಕ್ಕದಲ್ಲಿ ಗಿರಗಿರನೆ ತಿರುಗುತ್ತವೆ; ನಡುವೆ ಚೆಂಡು ಸಿಕ್ಕಿತೆಂದರೆ ಚಿಮ್ಮಿಕೊಂಡು ಹೋಗುತ್ತದೆ. ವಿದ್ಯಾರ್ಥಿಗಳ ಸ್ಪರ್ಧೆಗೆ ಒಂದು ಕಾಲೇಜಿನಿಂದ ಒಂದೇ ಯಂತ್ರ. ಅದು ಯಾರದೆಂದು ಶನಿವಾರ ವರ್ಕ್‌ಶಾಪಿನ ಮೇಷ್ಟ್ರು ಪರೀಕ್ಷೆ ಮಾಡಿ ಹೇಳುವವರಿದ್ದರು. ಅರ್ಧ ನಿಮಿಷದಲ್ಲಿ ಹತ್ತು ಚೆಂಡು ಎಸೆಯಬೇಕು, ಬುಟ್ಟಿಗೆ ಏಳಾದರೂ ಬೀಳಬೇಕು. ಬೀಳದಿದ್ದರೆ ಜಾಗ ಇನ್ನೊಂದು ತಂಡಕ್ಕೆ. ಇವರ ಯಂತ್ರ ನಾಲ್ಕರ ಮೇಲೆ ಏರಿರಲೇ ಇಲ್ಲ.

ತಂತಿ ಎಲ್ಲ ತಪ್ಪನ್ನೂ ಬ್ಯಾಟರಿಯ ತಲೆಗೆ ಕಟ್ಟಿದ. ಗುಬ್ಬಿ ಚೆಂಡುಗಳನ್ನು ದೂರಿದಳು. ಆಮೇಲೆ ಇಬ್ಬರೂ ಮುಖ ಊದಿಸಿಕೊಂಡು ಕೋಣೆಯ ಎರಡು ಮೂಲೆ ಹಿಡಿದು ಕೂತರು.

ಅಜ್ಜಿ ಹಲ್ಲಿನಿಂದ ನೂಲು ಕಡಿದಳು. ಮೋಟರು, ವೈರುಗಳ ವಿಷಯ ಅವಳಿಗೆ ತಿಳಿಯದು. ಆದರೆ ನಾಲ್ಕು ದಿನ ಚೆಂಡು ಹೆಕ್ಕಿದ್ದು ಅವಳೇ. ಒಂದು ಎಸೆದು ಸ್ವಲ್ಪ ತಡೆದರೆ ಮುಂದಿನದೂ ಬೀರುವಿಗೇ ಹೋಗುತ್ತಿತ್ತು. ಬೆನ್ನುಬೆನ್ನಿಗೆ ಎಸೆದರೆ ಮಾತ್ರ ಮಡಿಲಿಗೆ, ಆಮೇಲೆ ಕಾಲಿಗೆ.

"ನಿಮ್ಮ ಚಕ್ರಕ್ಕೆ ದಮ್ಮು ಸಾಲ್ತಿಲ್ಲ ಕಣೆ," ಎಂದಳು. "ಒಂದು ಚೆಂಡು ನೂಕಿದ್ದಕ್ಕೇ ಏದುಸಿರು ಬಿಡ್ತಿದೆ."

ಗುಬ್ಬಿ ನಕ್ಕುಬಿಟ್ಟಳು. ಅಜ್ಜಿ ನಗಲಿಲ್ಲ. ಗೇಣುದ್ದದ ದಪ್ಪ ಕ್ಯಾನ್ವಾಸ್ ಚೂರನ್ನು ನಾಲ್ಕು ಮಡಿಕೆ ಮಾಡಿ ಸೂಜಿಯ ಕೆಳಗಿಟ್ಟು, ತನ್ನ ಜಾಗದಲ್ಲಿ ಮೊಮ್ಮಗಳನ್ನು ಕೂರಿಸಿ, ಜೋರಾಗಿ ತುಳಿದು ತಟ್ಟನೆ ಕಾಲು ತೆಗೆಯುವಂತೆ ಹೇಳಿದಳು. ಗುಬ್ಬಿ ಹಾಗೇ ಮಾಡಿದಳು. ಕಾಲು ತೆಗೆದ ಮೇಲೂ ಕೆಳಗಿನ ದೊಡ್ಡ ಕಬ್ಬಿಣದ ಗಾಲಿ ತಿರುಗುತ್ತಲೇ ಇತ್ತು. ಅಷ್ಟು ದಪ್ಪ ಬಟ್ಟೆಯಲ್ಲೂ ಸೂಜಿ ಟಕಟಕನೆ ಆರು ಹೊಲಿಗೆ ಹಾಕಿಯೇ ನಿಂತಿತು.

"ಈ ಗಾಲಿ ಹಗುರ ಇದ್ದಿದ್ರೆ ಮೊದಲನೇ ಹೊಲಿಗೆಗೇ ನಿಂತುಬಿಡ್ತಿತ್ತು," ಎಂದಳು ಅಜ್ಜಿ.

ಗುಬ್ಬಿಯ ನಗು ಅಲ್ಲೇ ಇಂಗಿತು. ತಂತಿ ಎದ್ದು ಬಂದು ರೋಬೋಟಿನ ಚಕ್ರಗಳನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಒಂದೊಂದು ಚಕ್ರದಲ್ಲೂ ಸುತ್ತ ಹನ್ನೆರಡು ತೂತು. ಯಂತ್ರ ಹದಿನೈದು ಕಿಲೋ ಮೀರಬಾರದೆಂಬ ನಿಯಮವಿತ್ತು; ತೂಕ ಹೆಚ್ಚಾಯಿತೆಂದು ಅವುಗಳನ್ನು ಕೊರೆದವಳು ಗುಬ್ಬಿಯೇ. ತೂಕ ಇಳಿಸಲು ಚಕ್ರ ಬಿಟ್ಟು ಬೇರೇನೂ ಸಿಗಲಿಲ್ಲವೇ ಎಂದು ಅಜ್ಜಿ ಕೇಳಿದಳು. ತಂತಿಯ ಕಣ್ಣು ಯಂತ್ರದ ತಗಡಿನ ಹೊದಿಕೆಯ ಕಡೆ ಹೊರಳಿತು. ಹೊರಗಿನಿಂದ ಒಂದು ವೈರೂ ಕಾಣಬಾರದೆಂಬುದು ಇನ್ನೊಂದು ನಿಯಮ. ಅದಕ್ಕಾಗಿ ಎಂಟು ದಿನ ತಗಡು ಬಡಿದು, ನೀಲಿ ಬಣ್ಣ ಹಚ್ಚಿ, ಅದರ ಮೇಲೆ ರೆಕ್ಕೆ ಬಿಚ್ಚಿದ ಹಳದಿ ಗಿಡುಗವನ್ನು ಬರೆದವಳೂ ಗುಬ್ಬಿಯೇ. ಎರಡು ಕಿಲೋ ತೂಗುವ ಆ ಗಿಡುಗಕ್ಕೆ ಕತ್ತರಿ ಹಾಕಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಅಜ್ಜಿ ಅವಳ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತಳು.

"ನಿನ್ನಮ್ಮ ತೊಟ್ಟಿಲಲ್ಲಿದ್ದಾಗಿನ ಮಾತು. ಒಬ್ಬರಿಗೆ ಕೋಟು ಹೊಲಿತಿದ್ದೆ. ಜೇಬು ಎಷ್ಟು ಚೆನ್ನಾಗಿ ಕೂತಿತ್ತು ಅಂದ್ರೆ, ಬಟ್ಟೆ ಸಾಲದೆ ಹೋದಾಗ ಅದನ್ನ ಬಿಚ್ಚೋಕೆ ಕೈ ಬರ್ಲಿಲ್ಲ. ಹೆಗಲು ಕಿರಿದು ಮಾಡ್ಬಿಟ್ಟೆ. ಜೇಬು ಚೆನ್ನಾಗೇ ಇತ್ತು. ಪಾಪ, ಅವರಿಗೆ ಕೈ ಎತ್ತೋಕೆ ಆಗ್ತಿರ್ಲಿಲ್ಲ."

ತಂತಿ ಕಿಸಕ್ಕನೆ ನಕ್ಕ. ಗುಬ್ಬಿ ಕಣ್ಣೊರೆಸಿಕೊಂಡಳು, ಅವಳಿಗೂ ನಗು ತಡೆಯಲಿಲ್ಲ. ಆಮೇಲೆ ಯಾರೂ ಹೇಳದೆ ತಾನೇ ಸ್ಕ್ರೂಡ್ರೈವರ್ ತಂದು ಗಿಡುಗವನ್ನು ಕಳಚಿದಳು.

ಕೊರೆದ ತೂತುಗಳು ಹೇಗೂ ಇವೆಯಲ್ಲ, ಅವುಗಳಿಗೇ ಬೋಲ್ಟು ತುಂಬೋಣ ಎಂದದ್ದು ತಂತಿ. ಎಲ್ಲವೂ ಒಂದೇ ತೂಕದವಾಗಿರಬೇಕಿತ್ತು, ಇಲ್ಲದಿದ್ದರೆ ಚಕ್ರ ನಡುಗುತ್ತದೆ. ರಾಶಿ ಗುಂಡಿಯಲ್ಲಿ ಒಂದೇ ಜೋಡಿಯದನ್ನು ಹೆಕ್ಕಿ ಪಳಗಿದ ಅಜ್ಜಿ ಬೋಲ್ಟುಗಳನ್ನು ಅಂಗೈಯಲ್ಲಿ ಆಡಿಸುತ್ತಾ ಎರಡನ್ನು ಬೇರೆ ಇಟ್ಟಳು. ತಂತಿ ನಂಬದೆ ತಕ್ಕಡಿಗೆ ಹಾಕಿದ, ಅವೆರಡೂ ಹಗುರವೇ. ಅಂದಿನಿಂದ ಅವನು ಅಜ್ಜಿ ಹೇಳಿದ್ದಕ್ಕೆ ಎದುರಾಡಲಿಲ್ಲ, ಹೊದಿಕೆಯ ವಿಷಯ ಒಂದನ್ನು ಬಿಟ್ಟು. ವೈರು ಮುಚ್ಚಲು ತಗಡಿನ ಬದಲು ಬಟ್ಟೆಯ ಹೊದಿಕೆ ಹೊಲಿಯುತ್ತೇನೆಂದಳು ಅಜ್ಜಿ, ಆದರೆ ಮನೆಯಲ್ಲಿ ಉಳಿದಿದ್ದ ಗಟ್ಟಿ ಬಟ್ಟೆಯೆಂದರೆ ಯಾರದೋ ಪರದೆ ಹೊಲಿದು ಮಿಕ್ಕಿದ ತುಂಡು: ತಿಳಿಗೆಂಪು, ಮೇಲೆ ತಟ್ಟೆಯಗಲದ ಗುಲಾಬಿಗಳು.

"ಅಜ್ಜಿ, ಇದು ರೋಬೋಟು. ದಿಂಬು ಅಲ್ಲ," ಎಂದ ತಂತಿ.

"ದಿಂಬಿಗೆ ಲಾಡಿ ಇರಲ್ಲಪ್ಪ. ಇದಕ್ಕೆ ಹಾಕ್ತೀನಿ."

ಶನಿವಾರ ಗುಬ್ಬಿ ಅಜ್ಜಿಯನ್ನೂ ಕರೆದುಕೊಂಡು ಹೋದಳು. ಲಾಡಿ ಬಿಗಿಯುವ ಹದ ಬೇರೆ ಯಾರ ಕೈಗೂ ಬಂದಿರಲಿಲ್ಲ. ಇನ್ನೊಂದು ತಂಡದವರು ಗುಲಾಬಿಗಳನ್ನು ಕಂಡು ಮದುಮಗಳು ಬಂದಳೆಂದು ಆಡಿಕೊಂಡರು. ಮೇಷ್ಟ್ರು ಯಂತ್ರವನ್ನು ತೂಗಿದರು. ಹದಿನೈದು ಕಿಲೋಗೆ ನೂರು ಗ್ರಾಂ ಕಡಿಮೆ ಇತ್ತು. ಲಾಡಿ ಬಿಚ್ಚಿ ಒಳಗೆ ಇಣುಕಿ, ಮತ್ತೆ ಕಟ್ಟಲು ಬಾರದೆ ಅಜ್ಜಿಯ ಮುಖ ನೋಡಿದರು. ಅವಳು ಎರಡು ಸುತ್ತು ಹಾಕಿ ಬಿಗಿದಳು.

ಚಕ್ರಗಳು ಗುಂಯ್ ಎಂದವು. ಎಲ್ಲರ ಕಣ್ಣೂ ಬುಟ್ಟಿಯ ಮೇಲೆ, ಅಜ್ಜಿಯದು ಮಾತ್ರ ಬಟ್ಟೆಯ ಬಲಗಡೆಯ ಅಂಚಿನ ಮೇಲೆ. ಚಕ್ರದ ಗಾಳಿಗೆ ಅದು ಉಬ್ಬಿ ಉಬ್ಬಿ ಒಳಕ್ಕೆ ಹಣಿಕುತ್ತಿತ್ತು. ಸಿಕ್ಕಿಕೊಂಡರೆ ಮಕ್ಕಳ ಕೆಲಸವೆಲ್ಲ ಮಣ್ಣುಪಾಲು. ಒಂದು, ಎರಡು ಎಂದು ತಂತಿ ಎಣಿಸುವುದು ಕೇಳಿಸುತ್ತಿತ್ತು. ಮೂರನೆಯದು ಬುಟ್ಟಿಯ ಬಾಯಿಗೆ ತಗುಲಿ ಆಚೆ ಹಾರಿತು. ಅಂಚು ಇನ್ನೊಮ್ಮೆ ಉಬ್ಬಿತು. ಅಜ್ಜಿ ಅದರಿಂದ ಕಣ್ಣು ಕೀಳಲಿಲ್ಲ. ಚಕ್ರಗಳ ಸದ್ದು ಇಳಿದು, ಗುಬ್ಬಿ ಬಂದು ತಬ್ಬಿಕೊಂಡಾಗಲೇ ಅವಳಿಗೆ ಮುಗಿಯಿತೆಂದು ಗೊತ್ತಾದದ್ದು. ಎಂಟು ಬಿದ್ದಿದ್ದವು. ಮೇಷ್ಟ್ರು ಪಟ್ಟಿಯಲ್ಲಿ ಅವರ ತಂಡದ ಹೆಸರು ಬರೆದರು.

"ಎಂಟು, ಅಜ್ಜಿ. ನೋಡಿದ್ಯಾ?"

"ಎಲ್ಲಿ ನೋಡ್ಲಿ? ಬಿಚ್ಚು ಇದನ್ನ. ಬಲಗಡೆ ಅಂಚು ಉಬ್ತಿದೆ, ಸ್ಪರ್ಧೆಗೆ ಮುಂಚೆ ಇನ್ನೊಂದು ಹೊಲಿಗೆ ಬೇಕು."

ಮನೆಗೆ ಬಂದ ಮೇಲೆ ಗುಬ್ಬಿ ತಗಡಿನ ಗಿಡುಗವನ್ನು ಬೀರುವಿನ ತಲೆಗೆ ಕಟ್ಟಿದಳು. ಅಭ್ಯಾಸ ಮತ್ತೆ ಶುರುವಾಯಿತು. ಠಣ್ ಠಣ್ ಎಂದು ಒಂದರ ಹಿಂದೆ ಒಂದು ಚೆಂಡು ಗಿಡುಗದ ಎದೆಗೇ ಬಡಿಯುತ್ತಿತ್ತು. ಮಡಿಲಿಗೆ ಒಂದೂ ಬೀಳಲಿಲ್ಲ. ಅಜ್ಜಿ ಅಂಚು ಮುಗಿಸಿ, ಇಷ್ಟು ದಿನ ಅರ್ಧಕ್ಕೇ ಕಾದಿದ್ದ ಅಂಗಿಯ ತೋಳನ್ನು ಕೈಗೆತ್ತಿಕೊಂಡಳು.