ಕಿವಿ ಅಂದ ‘ಬೇಡ’

ಕನ್ನಡಕದಂಗಡಿಯವನನ್ನು ಭಾನುವಾರದ ಗಿಟಾರ್ ಗುಂಪಿನವರೆಲ್ಲ ಕರೆಯುತ್ತಿದ್ದದ್ದು ‘ಕಿವಿ’ ಅಂತ. ಜನರ ಕಣ್ಣು ನಂಬಿ ಹೊಟ್ಟೆ ಹೊರೆಯುವವನಿಗೆ ಈ ಹೆಸರೇ ಅಂತ ನಗಬೇಡಿ. ಅದು ಸುಮ್ಮನೆ ಬಿದ್ದ ಹೆಸರಲ್ಲ. ಒಳ್ಳೆಯ ಗಿಟಾರ್ ಒಂದು ಸಲ ಕೇಳಿದರೆ ಸಾಕು, ಮೊದಲಿಂದ ಕೊನೆತನಕ ಗುನುಗಿಬಿಡುತ್ತಿದ್ದ. ಹಿಡಿಸದ್ದನ್ನು ಬಾಗಿಲು ದಾಟುವಷ್ಟರಲ್ಲಿ ಮರೆತಿರುತ್ತಿದ್ದ. “ಇವನ ತಲೆ ಮೊರ ಇದ್ದಂಗೆ ಕಣ್ರೋ, ಜೊಳ್ಳು ನಿಲ್ಲಲ್ಲ” ಅನ್ನುತ್ತಿದ್ದರು ಮೇಷ್ಟ್ರು. ಸ್ವತಃ ನುಡಿಸಲು ಕೂತರೆ ಮಾತ್ರ ಅವನ ಬೆರಳು ಒನಕೆ. ಆದ್ದರಿಂದ ಮೇಷ್ಟ್ರ ಆ ಒಂದು ಮಾತೇ ಅವನ ಆಸ್ತಿ.

ಮೇಷ್ಟ್ರು ಅಂದರೆ ಗಿಟಾರ್ ರಿಪೇರಿ ಅಂಗಡಿಯ ಯಜಮಾನರು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಂಟು ಮತ್ತು ಮರದ ಪುಡಿಯ ವಾಸನೆಯ ನಡುವೆ, ಪ್ರತಿ ಭಾನುವಾರ ಮಧ್ಯಾಹ್ನ ಐದಾರು ಗಿಟಾರ್ ಹುಚ್ಚರು ಸೇರುತ್ತಿದ್ದರು. ಆ ವಾರ ತಲೆಗೆ ಹತ್ತಿಕೊಂಡ ಸಂಗೀತವನ್ನು ಒಬ್ಬೊಬ್ಬರೂ ತಂದು ಸ್ಪೀಕರಿಗೆ ಹಾಕಬೇಕು. ನುಡಿಸಿದವರು ಯಾರು ಅಂತ ಮೊದಲೇ ಹೇಳಕೂಡದು. ಎಲ್ಲರೂ ‘ಇರಲಿ’ ಅಂದರೆ ಅದು ಗುಂಪಿನ ಪೆನ್ ಡ್ರೈವ್ ಸೇರುತ್ತಿತ್ತು, ಒಬ್ಬ ‘ಬೇಡ’ ಅಂದರೂ ಹೊರಗೆ. ಒಮ್ಮೆ ಅಂದ ‘ಬೇಡ’ವನ್ನು ವಾಪಸ್ ತಗೊಳ್ಳುವ ಹಾಗಿಲ್ಲ. ಹನ್ನೊಂದು ವರ್ಷದಲ್ಲಿ ಬಿದ್ದದ್ದು ಎರಡೇ ‘ಬೇಡ’, ಎರಡೂ ಪಾಪ ಗುಂಪಿನಲ್ಲಿದ್ದ ಬೇಕರಿಯವನು ತಂದದ್ದಕ್ಕೆ.

ಎರಡು ವರ್ಷದ ಹಿಂದೆ ಮೇಷ್ಟ್ರಿಗೆ ಪಾರ್ಶ್ವವಾಯು ಹೊಡೆದು ಎಡಗೈ ಸೋತಿತು. ಆಮೇಲೆ ಅವರು ನುಡಿಸಿದ್ದನ್ನು ಕಂಡವರಿಲ್ಲ. ಕೈಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಬರುತ್ತಿದ್ದ ಫಿಸಿಯೋಥೆರಪಿ ಮೇಡಂಗೂ ಗಿಟಾರ್ ಹುಚ್ಚಿದೆ ಅಂತ ಗೊತ್ತಾಗಿ, ಮೇಷ್ಟ್ರೇ ಆಕೆಯನ್ನು ಗುಂಪಿಗೆ ಕರೆದರು. ಕಿವಿಯ ಕೇಡುಗಾಲ ಶುರುವಾದದ್ದು ಅಲ್ಲಿಂದ.

ಆಕೆ ತಂದದ್ದೆಲ್ಲ ಚಿನ್ನ. ಬೇಕರಿಯವನು ಆಕೆ ತಂದ ಸಂಗೀತ ಗುನುಗುತ್ತ ಬನ್ನು ಕಟ್ಟಿಕೊಡತೊಡಗಿದ. ಕಿವಿಯ ಸ್ವಂತ ಹೆಂಡತಿ ಪೆನ್ ಡ್ರೈವ್ ಹಾಕಿಕೊಂಡು, “ರೀ, ಇದ್ಯಾರು ತಂದಿದ್ದು? ನಿಮ್ಮದಲ್ಲ ಬಿಡಿ” ಅಂದಳು. ಕಿವಿ ಆ ದಿನ ಊಟ ಅರ್ಧಕ್ಕೇ ಬಿಟ್ಟೆದ್ದ. ಹೊಟ್ಟೆ ಉರಿಯಿತು, ಅಷ್ಟೇ. ಅದಕ್ಕೆ ಬೇರೆ ಹೆಸರಿಲ್ಲ. ಕಣ್ಣು ತೋರಿಸಲು ಬಂದವರ ಮುಂದೆ ಅಕ್ಷರದ ಹಲಗೆ ಹಿಡಿದಾಗಲೂ ಅವನು ಲೆಕ್ಕ ಹಾಕುತ್ತಿದ್ದದ್ದು ಒಂದೇ: ಈ ಭಾನುವಾರ ಆಕೆಯ ಸೊಕ್ಕು ಮುರಿಯುವುದು ಹೇಗೆ? ಆಕೆಗೆ ಸೊಕ್ಕೇ ಇರಲಿಲ್ಲ, ಅದು ಇನ್ನೂ ಉರಿ.

ಆ ಭಾನುವಾರ ಆಕೆ ಫೋನನ್ನು ಸ್ಪೀಕರಿಗೆ ಜೋಡಿಸಿ, ಮೇಷ್ಟ್ರ ಕಡೆ ಒಮ್ಮೆ ನೋಡಿ ಒತ್ತಿದಳು. ಒಂಟಿ ಗಿಟಾರ್. ನಿಧಾನ. ಹಿಂದೆ ಏನೋ ಕಿರಕಿರ ಸದ್ದು. ನಾಲ್ಕು ಹೆಜ್ಜೆ ನಡೆದು, ನಿಂತು, ಉಸಿರು ತಗೊಂಡು ಮತ್ತೆ ಹೊರಡುವ ಹಾಗಿತ್ತು. ಎಲ್ಲಿ ನಿಲ್ಲಬಾರದೋ ಅಲ್ಲೇ ನಿಲ್ಲುತ್ತಿತ್ತು, ಆ ನಿಲುಗಡೆಯಲ್ಲೇ ಎದೆ ಹಿಂಡುತ್ತಿತ್ತು. ಕಿವಿಯ ತೋಳಿನ ಮೇಲೆ ಕೂದಲು ನಿಮಿರಿತು. ಅವನು ಅಂಗಿಯ ತೋಳು ಎಳೆದುಕೊಂಡ. ಇಂಥದ್ದು ಇವಳಿಗೇ ಯಾಕೆ ಸಿಗಬೇಕು?

“ಇರಲಿ” ಅಂದ ಬೇಕರಿಯವನು, ಕಣ್ಣೊರೆಸಿಕೊಳ್ಳುತ್ತ. ಉಳಿದವರೂ ಇರಲಿ ಅಂದರು. ಮೇಷ್ಟ್ರು ಕಿವಿಯನ್ನೇ ನೋಡುತ್ತಿದ್ದರು.

“ಬೇಡ” ಅಂದ ಕಿವಿ.

“ಯಾಕೆ ಸರ್?” ಮೇಡಂ ಮುಖ ಬಿಳಿಚಿತು.

“ಬೆರಳಲ್ಲಿ ಜೀವ ಇಲ್ಲ ಮೇಡಂ. ಕಲಿಯೋ ವಯಸ್ಸಲ್ಲಿ ಕಲಿಯದೆ ಈಗ ತಡಕಾಡ್ತಿದ್ದಾರೆ, ಯಾರೋ ಏನೋ. ಗಿಟಾರ್ ಕೆಳಗಿಟ್ಟುಬಿಡೋದು ವಾಸಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೋಣೆಯಲ್ಲಿ ಹಳೇ ಫ್ಯಾನಿನ ಕಿರಕಿರ ಒಂದೇ ಉಳಿಯಿತು. ಆಗ ಹೊಳೆಯಿತು ಕಿವಿಗೆ: ಆ ಸಂಗೀತದ ಹಿಂದಿದ್ದದ್ದೂ ಇದೇ ಕಿರಕಿರ. ಹನ್ನೊಂದು ವರ್ಷ ತಲೆಯ ಮೇಲೆ ತಿರುಗಿದ ಫ್ಯಾನನ್ನು ಊರಿಗೆಲ್ಲ ಕಿವಿಯಾದವನು ಗುರುತಿಸಿರಲಿಲ್ಲ.

ಮೇಷ್ಟ್ರು ಎಡಗೈಯನ್ನು ಮೆಲ್ಲಗೆ ಶಾಲಿನೊಳಗೆ ಎಳೆದುಕೊಂಡರು. “ಆರು ತಿಂಗಳಿಂದ ತಡಕಾಡ್ತಿದ್ದೆ ಕಣೋ. ಮೇಡಂ ಚೆನ್ನಾಗಿದೆ ಅಂದ್ರು. ಪಾಪ, ವೈದ್ಯರು ಹಾಗೇ ಅನ್ನಬೇಕು. ಕಿವಿ ಏನಂತಾನೋ ನೋಡೋಣ, ಅವನು ಅಂದದ್ದೇ ಕೊನೆ ಅಂತ ನಾನೇ ಹಾಕಿಸಿದೆ. ಒಳ್ಳೇದಾಯ್ತು ಬಿಡು, ಇದ್ದದ್ದನ್ನ ಇದ್ದಂಗೆ ಹೇಳಿದೆ.”

“ಸುಳ್ಳು ಹೇಳಿದೆ ಮೇಷ್ಟ್ರೇ!” ಕಿವಿ ಎದ್ದು ನಿಂತ. “ಹೊಟ್ಟೆಕಿಚ್ಚು. ಇವರ ಮೇಲೆ ಹೊಟ್ಟೆಕಿಚ್ಚು. ಇವರು ತಂದಿದ್ದಾರೆ ಅಂತ ಬೇಡ ಅಂದೆ. ನೀವು ನುಡಿಸಿದ್ದು...”

“ಸಾಕು ಕೂತ್ಕೋ.” ಮೇಷ್ಟ್ರು ನಕ್ಕರು. “ನಾನು ಅಂತ ಗೊತ್ತಾದ ಮೇಲೆ ಯಾರಾದ್ರೂ ಹೀಗೇ ಅಂತಾರೆ. ಮೊದಲು ಅಂದದ್ದೇ ನಿಜ.”

ಹನ್ನೊಂದು ವರ್ಷ ನಿಜ ಹೇಳಿ ಗಳಿಸಿದ ನಂಬಿಕೆಯೆಲ್ಲ ಒಂದು ಸುಳ್ಳಿನ ಬೆನ್ನಿಗೆ ನಿಂತಿತ್ತು. ಇನ್ನೇನು ಹೇಳಿದರೂ ಸಮಾಧಾನದ ಮಾತಾಗುತ್ತಿತ್ತು. ಕಿವಿ ಮಾತು ಬಿಟ್ಟ. ಕಣ್ಣು ಮುಚ್ಚಿ ಗುನುಗತೊಡಗಿದ.

ಮೊದಲ ನಾಲ್ಕು ಹೆಜ್ಜೆ. ನಿಲುಗಡೆ. ಮತ್ತೆ ನಾಲ್ಕು. ಮೂರನೆಯ ತಂತಿಯಲ್ಲಿ ಬೆರಳು ಜಾರಿ ಸ್ವರ ತಪ್ಪಿದ್ದ ಕಡೆ ತಾನೂ ತಪ್ಪಿದ. ಬೆರಳು ಏಳದೆ ಕಾದಿದ್ದ ಕಡೆ ತಾನೂ ಅಷ್ಟೇ ಹೊತ್ತು ಕಾದ. ಕೊನೆತನಕ ಗುನುಗಿದ. ಹಿಡಿಸದ್ದು ಆ ತಲೆಯಲ್ಲಿ ನಿಲ್ಲುವುದಿಲ್ಲ ಅನ್ನುವುದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು, ಮೇಷ್ಟ್ರಿಗಂತೂ ಚೆನ್ನಾಗಿ ಗೊತ್ತಿತ್ತು.

ಮುಗಿದ ಮೇಲೆ ಮೇಷ್ಟ್ರು ಶಾಲಿನಿಂದ ಎಡಗೈ ಹೊರಗೆ ತೆಗೆದು, “ಕೊನೇ ನಿಲುಗಡೆ ಇನ್ನೂ ಚೂರು ಉದ್ದ ಕಣೋ, ಕತ್ತೆ” ಅಂದರು. ಕೋಣೆಯೆಲ್ಲ ನಕ್ಕಿತು. ಬೇಕರಿಯವನು ಪೆನ್ ಡ್ರೈವ್ ಎತ್ತಿಕೊಂಡರೆ ಮೇಷ್ಟ್ರು ತಡೆದರು. “ಬೇಡ ಬಿದ್ದಿದೆಯಲ್ಲೋ, ನಿಯಮ ನಿಯಮವೇ. ಬೇರೆ ನುಡಿಸ್ತೀನಿ ಬಿಡು.”

ಹೊರಗೆ ಬೀದಿಯಲ್ಲಿ ಕಿವಿ ಮೇಡಂ ಹಿಂದೆ ದಡಬಡ ನಡೆದ. ತಪ್ಪಾಯಿತು ಅಂದ. ಆಕೆ ಪರವಾಗಿಲ್ಲ ಅಂದಳು. ಅವನು ಇನ್ನೂ ಹೋಗಲಿಲ್ಲ. ಆ ಫೋನಿನಲ್ಲಿ ಅದು ಇದೆ, ಇವಳು ಬೇಕಾದಾಗಲೆಲ್ಲ ಕೇಳಬಹುದು ಅಂತ ನೆನೆದರೇ ಅವನಿಗೆ ಮತ್ತೆ ಹೊಟ್ಟೆ ಉರಿಯುತ್ತಿತ್ತು.

“ಮೇಡಂ, ಅದನ್ನ ನನಗೊಂದು ಕಳಿಸ್ತೀರಾ?”

ಆಕೆ ಫೋನನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

“ಬೇಡ ಅಂದ್ರಲ್ಲ ಸರ್” ಅಂದಳು.